ಸ್ವಾಬ್ ಮೂಗಿನೊಳಗೆ ಎಷ್ಟು ದೂರ ಹೋಗಬೇಕು?

2025ರ ಜೂನ್‌ನಲ್ಲಿ ಕೋವಿಡ್ ಮತ್ತೆ ಸ್ವಲ್ಪ ಏರಿದ್ದಾಗ ನಮ್ಮ ಅಮ್ಮನಿಗೆ ಜ್ವರ ಬಂತು. ಗಂಟಲು ಕೆರೆತ, ಮೈಕೈ ನೋವು. ಬೀದಿ ಕೊನೆಯ ಮೆಡಿಕಲ್ ಶಾಪ್‌ನಿಂದ ಮನೆಯಲ್ಲೇ ಮಾಡುವ ರ‍್ಯಾಪಿಡ್ ಟೆಸ್ಟ್ ಕಿಟ್ ಎರಡು ತಂದೆ. ಒಂದನ್ನು ತೆರೆದು, ಸ್ವಾಬ್ ಎನ್ನುವ ಹತ್ತಿ ತುದಿಯ ಕಡ್ಡಿಯನ್ನು ಅಮ್ಮನ ಮೂಗಿನ ಹೊಳ್ಳೆಯೊಳಗೆ ಎರಡು ಸೆಂಟಿಮೀಟರ್‌ನಷ್ಟು ಹಾಕಿ ಐದು ಸುತ್ತು ತಿರುಗಿಸಿದೆ. ಇನ್ನೊಂದು ಹೊಳ್ಳೆಯಲ್ಲೂ ಹಾಗೇ ಮಾಡಿದೆ. ಅಮ್ಮ ಕಣ್ಣು ಬಿಟ್ಟು ಕೇಳಿದರು: "ಇಷ್ಟೇನಾ? ಅವತ್ತು ತಲೆವರೆಗೂ ತೂರಿಸಿದ್ರಲ್ಲ. ಇಷ್ಟರಲ್ಲಿ ಏನು ಗೊತ್ತಾಗುತ್ತೆ?"

ಹದಿನೈದು ನಿಮಿಷ ಬಿಟ್ಟು ನೋಡಿದರೆ ಒಂದೇ ಗೆರೆ. ನೆಗೆಟಿವ್.

ಅಮ್ಮ ಹೇಳಿದ 'ಅವತ್ತು' 2020ರದ್ದು. ಅವತ್ತು ಶಿಬಿರದಲ್ಲಿ ಪಿಪಿಇ ತೊಟ್ಟವರೊಬ್ಬರು ಉದ್ದನೆ ಕಡ್ಡಿ ಹಾಕಿದಾಗ ಅಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಅವರಂತೆ ಲಕ್ಷಾಂತರ ಜನರಿಗೆ ಕೋವಿಡ್ ಟೆಸ್ಟ್ ಎಂದರೆ ನೆನಪಿರುವುದು ಆ ನೋವು. ನೋವಾದರೆ ಟೆಸ್ಟ್ ಸರಿ, ನೋವಾಗದಿದ್ದರೆ ಸುಮ್ನೆ ನಾಮಕಾವಸ್ತೆ ಎಂಬ ಭಾವನೆ ಹಾಗೇ ಉಳಿದುಬಿಟ್ಟಿದೆ. ಈ ಭಾವನೆ ಎಷ್ಟು ಸರಿ ಎಂದು ನೋಡಲು ನಮ್ಮ ಬಳಿ ಒಳ್ಳೆಯ ಅಧ್ಯಯನಗಳಿವೆ. ಅವುಗಳನ್ನು ಓದಿದ ಮೇಲೆ ನನಗೆ ಒಂದು ವಿಷಯ ಮನದಟ್ಟಾಗಿದೆ. ಕಡ್ಡಿ ಎಷ್ಟು ಆಳಕ್ಕೆ ಹೋಯಿತು ಎನ್ನುವುದಕ್ಕಿಂತ, ಅದು ಯಾವ ದಿನ ಹೋಯಿತು, ಎಷ್ಟು ನಿಗಾದಿಂದ ಹೋಯಿತು ಎನ್ನುವುದು ಜಾಸ್ತಿ ಮುಖ್ಯ.

ಮೂಗಿನೊಳಗಿನ ಮೂರು ನಿಲ್ದಾಣ

ಹೊರಗೆ ಕಾಣುವುದು ಎರಡು ಹೊಳ್ಳೆ ಮಾತ್ರ. ಅವುಗಳ ಹಿಂದೆ ಗಂಟಲಿನವರೆಗೆ ಒಂದು ಹಾದಿ ಇದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 9ರಿಂದ 10 ಸೆಂಟಿಮೀಟರ್. ಈ ಹಾದಿ ಮೇಲಕ್ಕೆ, ಹಣೆಯ ಕಡೆಗೆ ಹೋಗುವುದಿಲ್ಲ. ನೇರ ನಿಂತವರಲ್ಲಿ ಅದು ಬಾಯಿಯ ಮೇಲ್ಛಾವಣಿಗೆ ಸಮನಾಗಿ, ಕಿವಿಯ ಕಡೆಗೆ ಹೋಗುತ್ತದೆ. ತಲೆವರೆಗೂ ತೂರಿಸಿದರು ಎಂದು ಅಮ್ಮನಿಗೆ ಅನ್ನಿಸಿದ್ದು ಸಹಜ. ಆದರೆ ಸರಿಯಾಗಿ ಹಾಕಿದ ಕಡ್ಡಿ ತಲೆಯ ಕಡೆಗೆ ಹೋಗುವುದೇ ಇಲ್ಲ.

ಈ ಹಾದಿಯಲ್ಲಿ ಕಡ್ಡಿ ನಿಲ್ಲುವ ಜಾಗಗಳು ಮೂರು. ಮೊದಲನೆಯದು ಹೊಳ್ಳೆಯ ಮುಂಭಾಗ, ಅಂದರೆ ಒಂದು ಒಂದೂವರೆ ಸೆಂಟಿಮೀಟರ್ ಒಳಗೆ. ಎರಡನೆಯದು ಸುಮಾರು ಎರಡು ಸೆಂಟಿಮೀಟರ್ ಅಥವಾ ಇನ್ನೂ ಸ್ವಲ್ಪ ಒಳಗೆ, ಕಡ್ಡಿಗೆ ಮೆತ್ತಗೆ ಏನೋ ಅಡ್ಡ ಬಂದಂತೆ ಅನ್ನಿಸುವ ಜಾಗ. ಅಲ್ಲಿ ಮೂಗಿನ ಗೋಡೆಯಿಂದ ಸುರುಳಿಯಂತೆ ಚಾಚಿಕೊಂಡ ಮೂಳೆಗಳಿವೆ. ಅವಕ್ಕೆ ಟರ್ಬಿನೇಟ್ ಎನ್ನುತ್ತಾರೆ, ಈ ಸ್ವಾಬ್‌ಗೆ ಮಿಡ್ ಟರ್ಬಿನೇಟ್ ಸ್ವಾಬ್ ಎಂದೇ ಹೆಸರು. ಮೂರನೆಯದು ಹಾದಿಯ ಕೊನೆ, ಮೂಗು ಮುಗಿದು ಗಂಟಲು ಶುರುವಾಗುವ ನೇಸೋಫ್ಯಾರಿಂಕ್ಸ್. ಇದನ್ನು ತಲುಪಲು ಕಡ್ಡಿ ಹೆಚ್ಚುಕಡಿಮೆ ಹೊಳ್ಳೆಯಿಂದ ಕಿವಿಗಿರುವ ದೂರದಷ್ಟು ಒಳಗೆ ಹೋಗಬೇಕು. ಇದನ್ನು ತರಬೇತಿ ಇಲ್ಲದವರು ಮಾಡಲೇಬಾರದು.

ಹೊಳ್ಳೆಯ ಬಾಯಲ್ಲೇ ಕಡ್ಡಿ ಆಡಿಸಿದರೆ ಯಾಕೆ ಸಾಲದು? ಅಲ್ಲಿರುವುದು ಚರ್ಮ ಮತ್ತು ಕೂದಲು. ವೈರಸ್ ಬೆಳೆಯುವ ಒದ್ದೆ ಪದರ ಅದರಾಚೆ ಶುರುವಾಗುತ್ತದೆ. ಹಾಗಾಗಿ ಮನೆ ಟೆಸ್ಟ್‌ನಲ್ಲಿ ಕೂಡ ಕಡ್ಡಿಯ ಹತ್ತಿ ಭಾಗ ಪೂರ್ತಿ ಒಳಗೆ ಹೋಗಿ ಗೋಡೆಗೆ ಉಜ್ಜಬೇಕು. ಗಾಳಿಯಲ್ಲಿ ತಿರುಗಿಸಿದರೆ ಏನೂ ಬರುವುದಿಲ್ಲ.

ಮೊದಲು ಆಳಕ್ಕೆ ಹಾಕಿದ್ದು ಯಾಕೆ

ಫ್ಲೂನಂಥ ಉಸಿರಾಟದ ಸೋಂಕುಗಳನ್ನು ಪತ್ತೆ ಮಾಡುವಾಗ ವೈದ್ಯರು ಮೊದಲಿಂದಲೂ ನಂಬಿದ್ದು ನೇಸೋಫ್ಯಾರಿಂಕ್ಸ್ ಸ್ವಾಬ್ ಅನ್ನು. ಹೊಸ ವೈರಸ್ ಬಂದಾಗ ಗೊತ್ತಿರುವ ದಾರಿಯಲ್ಲೇ ಹೋದರು. ಅದು ತಪ್ಪಲ್ಲ. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ 2020ರ ಜೂನ್ 14ರಂದು ಮೊದಲ ಆಂಟಿಜೆನ್ (ರ‍್ಯಾಪಿಡ್) ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಅದು ದಕ್ಷಿಣ ಕೊರಿಯಾ ಮೂಲದ ಎಸ್‌ಡಿ ಬಯೋಸೆನ್ಸರ್ ಕಂಪನಿಯ ಸ್ಟ್ಯಾಂಡರ್ಡ್ ಕ್ಯೂ. ನಮಗೆ ಬಂದ ಕಿಟ್ ತಯಾರಾಗುತ್ತಿದ್ದುದು ಹರಿಯಾಣದ ಮಾನೇಸರ್‌ನಲ್ಲಿ. ಅದಕ್ಕೆ ನೇಸೋಫ್ಯಾರಿಂಕ್ಸ್ ಸ್ವಾಬ್ ಬೇಕಿತ್ತು. ಸ್ವಾಬ್ ತೆಗೆದ ಒಂದು ಗಂಟೆಯೊಳಗೆ, ಅದೇ ಜಾಗದಲ್ಲಿ ಟೆಸ್ಟ್ ಮಾಡಬೇಕಿತ್ತು.

ಆ ಕಿಟ್‌ನ ಬಗ್ಗೆ ಐಸಿಎಂಆರ್ ಕೊಟ್ಟ ಅಂಕಿಯನ್ನು ಗಮನಿಸಬೇಕು. ಸೋಂಕಿಲ್ಲದವರನ್ನು ಸೋಂಕಿಲ್ಲ ಎಂದು ಹೇಳುವುದರಲ್ಲಿ ಅದು ಶೇ 99.3ರಿಂದ 100ರಷ್ಟು ಸರಿ. ಆದರೆ ಸೋಂಕಿದ್ದವರನ್ನು ಹಿಡಿಯುವುದರಲ್ಲಿ ಶೇ 50.6ರಿಂದ 84. ಅಂದರೆ ಅಷ್ಟು ಆಳಕ್ಕೆ ಕಡ್ಡಿ ಹಾಕಿದ ಮೇಲೂ ಕೆಲವು ಕಡೆ ಅರ್ಧದಷ್ಟು ಸೋಂಕು ಕೈತಪ್ಪುತ್ತಿತ್ತು. ಇದಕ್ಕೆ ಸ್ವಾಬ್ ತೆಗೆದ ಜಾಗವನ್ನು ದೂರಿ ಪ್ರಯೋಜನವಿಲ್ಲ. ಆಂಟಿಜೆನ್ ಟೆಸ್ಟ್ ಕೆಲಸ ಮಾಡುವ ರೀತಿಯೇ ಹಾಗೆ.

ಲ್ಯಾಬ್‌ನಲ್ಲಿ ಮಾಡುವ ಆರ್‌ಟಿ-ಪಿಸಿಆರ್ ಟೆಸ್ಟ್ ವೈರಸ್‌ನ ಆರ್‌ಎನ್‌ಎ ತುಣುಕನ್ನು ಮೊದಲು ಡಿಎನ್‌ಎ ಆಗಿ ನಕಲಿಸಿ, ಅದನ್ನು ಮತ್ತೆ ಮತ್ತೆ ದ್ವಿಗುಣ ಮಾಡುತ್ತದೆ. ಒಂದು ಹನಿಯಲ್ಲಿ ಸ್ವಲ್ಪವೇ ಇದ್ದರೂ ಸಾಕು, ಬೆಳೆಸಿ ತೋರಿಸುತ್ತದೆ. ಆಂಟಿಜೆನ್ ಟೆಸ್ಟ್ ಏನನ್ನೂ ಬೆಳೆಸುವುದಿಲ್ಲ. ಕಡ್ಡಿಗೆ ಅಂಟಿಕೊಂಡು ಬಂದ ವೈರಸ್ ಅನ್ನು ಕಿಟ್‌ನ ದ್ರವ ಒಡೆಯುತ್ತದೆ. ವೈರಸ್ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಪ್ರೊಟೀನ್ ಹೊರಬರುತ್ತದೆ. ಪಟ್ಟಿಯ ಮೇಲಿನ ಬಣ್ಣದ ಕಣಗಳು ಅದನ್ನು ಹಿಡಿದುಕೊಂಡು ಹರಿಯುತ್ತವೆ, 'ಟಿ' ಅಕ್ಷರದ ಎದುರು ಸಿಕ್ಕಿಹಾಕಿಕೊಂಡು ಗೆರೆಯಾಗುತ್ತವೆ. ಪ್ರೊಟೀನ್ ಎಷ್ಟು ಬಂತೋ ಅಷ್ಟೇ ಗೆರೆ. ಹಾಗಾಗಿ ಕಡ್ಡಿಯಲ್ಲಿ ಎಷ್ಟು ಬಂತು ಎನ್ನುವುದು ಪಿಸಿಆರ್‌ಗಿಂತ ಇಲ್ಲಿ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಸ್ವಾಬ್ ವಿಧಾನಗಳನ್ನು ಹೋಲಿಸಬೇಕು ಎಂದು ಸಂಶೋಧಕರಿಗೆ ಅನ್ನಿಸಿದ್ದು ಇದಕ್ಕೇ.

ಬರ್ಲಿನ್‌ನ ಲೆಕ್ಕ

ಈ ಹೋಲಿಕೆಯನ್ನು ಬಹಳ ಅಚ್ಚುಕಟ್ಟಾಗಿ ಮಾಡಿದ್ದು ಜರ್ಮನಿಯ ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಮತ್ತು ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಆಸ್ಪತ್ರೆಯ ತಂಡ. ಅವರು ಬಳಸಿದ್ದೂ ಎಸ್‌ಡಿ ಬಯೋಸೆನ್ಸರ್‌ನ ಕಿಟ್. ಅವರು ಒಬ್ಬರ ಮುಂಭಾಗದ ಸ್ವಾಬ್ ಅನ್ನು ಇನ್ನೊಬ್ಬರ ಆಳದ ಸ್ವಾಬ್ ಜೊತೆ ಹೋಲಿಸಲಿಲ್ಲ. ಒಬ್ಬರೇ ವ್ಯಕ್ತಿಯಿಂದ, ಒಂದೇ ಭೇಟಿಯಲ್ಲಿ, ಎರಡೂ ತೆಗೆದರು. ಜೊತೆಗೆ ಪಿಸಿಆರ್ ಕೂಡ ಮಾಡಿದರು. ಹೀಗೆ ಮಾಡಿದರೆ ಒಬ್ಬರಿಗೆ ಸೋಂಕು ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ ಎಂಬ ಗೊಂದಲ ಇರುವುದಿಲ್ಲ.

ಒಂದು ಅಧ್ಯಯನದಲ್ಲಿ 289 ಜನ ತಮ್ಮ ಮೂಗಿನ ಸ್ವಾಬ್ ಅನ್ನು ತಾವೇ ತೆಗೆದುಕೊಂಡರು. ಆಮೇಲೆ ಆರೋಗ್ಯ ಸಿಬ್ಬಂದಿ ಆಳದ ಸ್ವಾಬ್ ತೆಗೆದರು. ಪಿಸಿಆರ್ ಪ್ರಕಾರ 39 ಜನ ಪಾಸಿಟಿವ್. ಆಳದ ಸ್ವಾಬ್ ಅವರಲ್ಲಿ ಶೇ 79.5 ಜನರನ್ನು ಹಿಡಿಯಿತು. ತಾವೇ ತೆಗೆದ ಸ್ವಾಬ್ ಶೇ 74.4 ಜನರನ್ನು ಹಿಡಿಯಿತು.

ಐದು ಪರ್ಸೆಂಟ್ ವ್ಯತ್ಯಾಸ ಎಂದು ಓದಿದರೆ ಆಳದ ಸ್ವಾಬೇ ಮೇಲು ಅನ್ನಿಸುತ್ತದೆ, ಅಲ್ವಾ? ತಲೆ ಎಣಿಸಿ ನೋಡಿ. 39ರಲ್ಲಿ ಆಳದ ಸ್ವಾಬ್ ಹಿಡಿದದ್ದು 31 ಜನರನ್ನು. ಮೂಗಿನ ಸ್ವಾಬ್ ಹಿಡಿದದ್ದು 29 ಜನರನ್ನು. ವ್ಯತ್ಯಾಸ ಇಬ್ಬರು. ಅದೂ ಒಂದು ಕಡೆ ತರಬೇತಿ ಪಡೆದ ಕೈ, ಇನ್ನೊಂದು ಕಡೆ ಜೀವನದಲ್ಲಿ ಮೊದಲ ಸಲ ಸ್ವಾಬ್ ಹಿಡಿದ ಜನ.

ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಎರಡೂ ಸ್ವಾಬ್ ಅನ್ನು ಸಿಬ್ಬಂದಿಯೇ ತೆಗೆದರು. ಒಟ್ಟು 179 ಜನ, ಅವರಲ್ಲಿ 41 ಪಾಸಿಟಿವ್. ಈ ಸಲ ಮಿಡ್ ಟರ್ಬಿನೇಟ್ ಸ್ವಾಬ್ 33 ಜನರನ್ನು ಹಿಡಿಯಿತು, ಆಳದ ಸ್ವಾಬ್ 30 ಜನರನ್ನು. ತಕ್ಕಡಿ ಈಗ ಮೂವರಷ್ಟು ಆಚೆ ವಾಲಿತು. ಮೂರನೇ ಅಧ್ಯಯನದಲ್ಲಿ ತಾವೇ ತೆಗೆದ ಮೂಗಿನ ಸ್ವಾಬ್ ಮತ್ತು ಸಿಬ್ಬಂದಿ ತೆಗೆದ ಮೂಗಿನ ಸ್ವಾಬ್ ಎದುರುಬದುರಾದವು. 40 ಪಾಸಿಟಿವ್‌ಗಳಲ್ಲಿ ತಾವೇ ತೆಗೆದವರು 33, ಸಿಬ್ಬಂದಿ 34. ಒಬ್ಬರ ಅಂತರ.

ಇಷ್ಟು ಸಣ್ಣ ಸಂಖ್ಯೆಯಲ್ಲಿ ಇಬ್ಬರು ಮೂವರು ಆಚೀಚೆ ಆಗುವುದು ಆಕಸ್ಮಿಕವಾಗಿಯೂ ಇರಬಹುದು. ಹಾಗಾಗಿ ಯಾವುದೇ ವಿಧಾನ ಗೆದ್ದಿತು ಎಂದು ಇದರಿಂದ ಹೇಳಲಾಗದು. ಹೇಳಬಹುದಾದದ್ದು ಇಷ್ಟು: ಎರಡೂ ವಿಧಾನ ಹತ್ತಿರ ಹತ್ತಿರ ಇವೆ. ಎರಡರಿಂದಲೂ ತಪ್ಪಿಸಿಕೊಂಡವರು ಬಹುಪಾಲು ಒಂದೇ ಬಗೆಯವರು, ಅಂದರೆ ವೈರಸ್ ಕಡಿಮೆ ಇದ್ದವರು. ವೈರಸ್ ಜಾಸ್ತಿ ಇದ್ದವರನ್ನು ಎರಡೂ ಹೆಚ್ಚುಕಡಿಮೆ ಪೂರ್ತಿ ಹಿಡಿದವು. ನನಗೆ ಇದು ಪರ್ಸೆಂಟ್‌ಗಿಂತ ದೊಡ್ಡ ವಿಷಯ. ವೈರಸ್ ಜಾಸ್ತಿ ಇರುವವರೇ ಮನೆಯವರಿಗೆ, ಪಕ್ಕದವರಿಗೆ ಹೆಚ್ಚಾಗಿ ಹರಡುವವರು.

ಮೂಗಿನ ಮುಂಭಾಗದ ಸ್ವಾಬ್‌ನಿಂದ ಇನ್ನೊಂದು ಬದಲಾವಣೆ ಆಯಿತು. ಪರೀಕ್ಷೆ ಶಿಬಿರದಿಂದ ಮನೆಗೆ ಬಂತು. 2021ರ ಮೇ 19ರಂದು, ಎರಡನೇ ಅಲೆಯ ನಡುವೆ, ಐಸಿಎಂಆರ್ ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ದೇಶದ ಮೊದಲ ಮನೆ ಟೆಸ್ಟ್. ಬೆಲೆ 250 ರೂಪಾಯಿ ಇತ್ತು. ಆಗ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ, ಪಿಸಿಆರ್ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿತ್ತು. ಆ ದಿನಗಳನ್ನು ಕಂಡವರಿಗೆ ಹದಿನೈದು ನಿಮಿಷದ ಬೆಲೆ ಗೊತ್ತು. ಐಸಿಎಂಆರ್ ಅದರ ಜೊತೆಗೇ ಒಂದು ನಿಯಮ ಹೇಳಿತ್ತು. ಪಾಸಿಟಿವ್ ಬಂದರೆ ಪಾಸಿಟಿವ್ವೇ, ಮತ್ತೆ ಟೆಸ್ಟ್ ಬೇಡ. ಲಕ್ಷಣ ಇದ್ದೂ ನೆಗೆಟಿವ್ ಬಂದರೆ ನಂಬಬೇಡಿ, ಪಿಸಿಆರ್ ಮಾಡಿಸಿ.

'ಸಿ' ಗೆರೆ ಹೇಳದ ವಿಷಯ

ಕಿಟ್ ಪಟ್ಟಿಯ ಮೇಲೆ 'ಸಿ' ಗೆರೆ ಬಂದರೆ ಟೆಸ್ಟ್ ಸರಿಯಾಗಿದೆ ಎಂದು ಎಲ್ಲರೂ ಓದಿದ್ದೇವೆ. ಇದರ ಅರ್ಥವನ್ನು ಮಾತ್ರ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. 'ಸಿ' ಗೆರೆ ಹೇಳುವುದು ದ್ರವ ಪಟ್ಟಿಯ ತುಂಬ ಹರಿಯಿತು, ಒಳಗಿನ ರಾಸಾಯನಿಕ ಕೆಟ್ಟಿಲ್ಲ ಎಂದು ಮಾತ್ರ. ಕಡ್ಡಿ ಮೂಗಿಗೆ ಹೋಗಿತ್ತೇ ಎಂಬುದು ಅದಕ್ಕೆ ಗೊತ್ತಿಲ್ಲ. ಕಡ್ಡಿಯನ್ನು ಮೂಗಿಗೆ ಹಾಕದೆ ನೇರ ದ್ರವದಲ್ಲಿ ಅದ್ದಿದರೂ 'ಸಿ' ಗೆರೆ ಚೆನ್ನಾಗಿಯೇ ಬರುತ್ತದೆ.

ಅನೇಕ ಪಿಸಿಆರ್ ಕಿಟ್‌ಗಳಲ್ಲಿ ಹೀಗಿಲ್ಲ. ಅವು ವೈರಸ್ ಜೊತೆಗೆ ಮನುಷ್ಯರ ಒಂದು ಜೀನ್ ಅನ್ನೂ ಹುಡುಕುತ್ತವೆ. ಅದು ಸಿಗದಿದ್ದರೆ ಸ್ಯಾಂಪಲ್ ಸರಿ ಇಲ್ಲ ಎಂದು ಲ್ಯಾಬ್‌ಗೆ ಗೊತ್ತಾಗುತ್ತದೆ. ಸಾಮಾನ್ಯ ರ‍್ಯಾಪಿಡ್ ಕಿಟ್‌ನಲ್ಲಿ ಆ ಕಾವಲು ಇಲ್ಲ. ಅಲ್ಲಿ ಕಾವಲು ಕಾಯಬೇಕಾದ್ದು ಕಡ್ಡಿ ಹಿಡಿದ ಕೈ.

2021ರಲ್ಲಿ ನಾನೇ ಒಂದು ಶಿಬಿರದಲ್ಲಿ ಸಾಲಿನಲ್ಲಿ ನಿಂತಿದ್ದೆ. ಮಧ್ಯಾಹ್ನದ ಬಿಸಿಲು, ಉದ್ದನೆ ಸಾಲು. ಸ್ವಾಬ್ ತೆಗೆಯುವವರು ಬೆಳಿಗ್ಗೆಯಿಂದ ನಿಂತೇ ಇದ್ದರು. ನನ್ನ ಸರದಿ ಬಂದಾಗ ಉದ್ದನೆ ತೆಳು ಕಡ್ಡಿ ಹೊಳ್ಳೆಯ ಅಂಚಿಗೆ ತಾಗಿ ಒಂದು ಸೆಕೆಂಡಿನಲ್ಲಿ ಹೊರಬಂತು. ನೋವಾಗಲಿಲ್ಲ ಎಂದು ಅವತ್ತು ಖುಷಿಪಟ್ಟೆ. ನೆಗೆಟಿವ್ ಮೆಸೇಜ್ ಬಂತು, ಅದನ್ನು ನಂಬಿ ಕೆಲಸಕ್ಕೂ ಹೋದೆ. ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ. ಆಳಕ್ಕೆಂದು ಮಾಡಿದ ಸ್ವಾಬ್‌ನ ತುದಿ ಸಣ್ಣದು, ಕಡ್ಡಿ ತೆಳು, ಬಾಗುವಂಥದ್ದು. ಅದನ್ನು ಮುಂಭಾಗದಲ್ಲಿ ಆಡಿಸಿದರೆ ಬರುವುದು ಬಹಳ ಕಡಿಮೆ. ಮುಂಭಾಗದ ಸ್ವಾಬ್‌ನ ತುದಿ ದಪ್ಪ, ಕಡ್ಡಿ ಗಟ್ಟಿ. ಅದನ್ನು ಆಳಕ್ಕೆ ತಳ್ಳಿದರೆ ಗಾಯವಾಗುತ್ತದೆ. ಯಾವ ಜಾಗಕ್ಕೆ ಮಾಡಿದ ಕಡ್ಡಿಯೋ ಆ ಜಾಗಕ್ಕೇ ಹೋಗಬೇಕು.

ಅವಸರದಲ್ಲಿ ಮಾಡಿದ ಆಳದ ಸ್ವಾಬ್‌ಗಿಂತ, ನಿಧಾನವಾಗಿ ಮಾಡಿದ ಮುಂಭಾಗದ ಸ್ವಾಬ್ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ. ಬರ್ಲಿನ್‌ನ ಅಧ್ಯಯನದಲ್ಲಿ ಆಳದ ಸ್ವಾಬ್ ತೆಗೆದವರಿಗೆ ಸಮಯ ಇತ್ತು. ನಮ್ಮ ಶಿಬಿರದವರಿಗೆ ಇರಲಿಲ್ಲ.

ಆಳದ ಸ್ವಾಬ್ ಅಪಾಯವೇ ಎಂಬ ಪ್ರಶ್ನೆಗೂ ಉತ್ತರ ಇದೆ. ಹೆಲ್ಸಿಂಕಿಯಲ್ಲಿ ಏಳು ತಿಂಗಳಲ್ಲಿ ಮಾಡಿದ 6,43,284 ಟೆಸ್ಟ್‌ಗಳ ಲೆಕ್ಕ ತೆಗೆದಾಗ, ತುರ್ತು ಚಿಕಿತ್ಸೆಗೆ ಬಂದವರು 8 ಜನ. ನಾಲ್ವರಿಗೆ ಮೂಗಿನ ರಕ್ತಸ್ರಾವ, ನಾಲ್ವರ ಮೂಗಿನಲ್ಲಿ ಕಡ್ಡಿ ಮುರಿದಿತ್ತು. ಸ್ವಾಬ್ ಮಿದುಳಿಗೆ ತಾಗುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಭಯಕ್ಕೆ ಆಧಾರವಿಲ್ಲ.

ಗಂಟಲಿನ ಪ್ರಶ್ನೆ

ಕೋವಿಡ್‌ನ ಓಮಿಕ್ರಾನ್ ತಳಿ ಬಂದ ಮೇಲೆ, 2022ರ ಜನವರಿ ಹೊತ್ತಿಗೆ, ಹೊಸ ವಾದ ಎದ್ದಿತು. ಗಂಟಲು ನೋಯುತ್ತದೆ, ಮೂಗಿನ ಟೆಸ್ಟ್ ನೆಗೆಟಿವ್ ಬರುತ್ತದೆ. ಹಾಗಾದರೆ ಅದೇ ಕಡ್ಡಿಯಿಂದ ಮೊದಲು ಗಂಟಲು, ಆಮೇಲೆ ಮೂಗು ಸವರಿದರೆ ಹೇಗೆ? ಇಸ್ರೇಲ್ ಹಾಗೆ ಮಾಡಿ ಎಂದಿತು. ಬ್ರಿಟನ್‌ನಲ್ಲಿ ಮೊದಲು ಹಂಚಿದ ಕಿಟ್‌ಗಳಲ್ಲಿ ಗಂಟಲು ಮತ್ತು ಮೂಗು ಎರಡೂ ಇದ್ದವು, ಆಮೇಲೆ ಬಂದವು ಮೂಗಿನವು ಮಾತ್ರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ ಬೇಡವೇ ಬೇಡ ಎಂದಿತು. ಮೂಗಿಗೆಂದು ಪರೀಕ್ಷಿಸಿದ ಕಿಟ್ ಅನ್ನು ಗಂಟಲಿಗೆ ಬಳಸಬಾರದು ಎಂಬುದು ಅದರ ನಿಲುವು.

ಎರಡೂ ಕಡೆ ಸ್ವಲ್ಪ ಸತ್ಯ ಇದೆ. ಲಂಡನ್‌ನಲ್ಲಿ ನಡೆದ ಒಂದು ಅಪರೂಪದ ಪ್ರಯೋಗ ಇದನ್ನು ತಿಳಿಯಲು ಸಹಾಯ ಮಾಡುತ್ತದೆ. ಆರೋಗ್ಯವಾಗಿದ್ದ 36 ಯುವ ಸ್ವಯಂಸೇವಕರ ಮೂಗಿಗೆ ವೈದ್ಯರ ನಿಗಾದಲ್ಲಿ ವೈರಸ್‌ನ ಸಣ್ಣ ಹನಿ ಬಿಟ್ಟರು. ಅವರಲ್ಲಿ 18 ಜನರಿಗೆ ಸೋಂಕು ತಗುಲಿತು. ಹನಿ ಬಿಟ್ಟದ್ದು ಮೂಗಿಗೆ, ಆದರೆ ವೈರಸ್ ಮೊದಲು ಕಾಣಿಸಿದ್ದು ಗಂಟಲಲ್ಲಿ, ಸರಾಸರಿ 40 ಗಂಟೆಗೆ. ಮೂಗಿನಲ್ಲಿ ಕಾಣಿಸಿದ್ದು 58 ಗಂಟೆಗೆ. ಆದರೆ ಮುಂದೆ ಮೂಗಿನಲ್ಲಿ ವೈರಸ್ ಗಂಟಲಿಗಿಂತ ಬಹಳ ಜಾಸ್ತಿ ಬೆಳೆಯಿತು, ಸುಮಾರು ಐದನೇ ದಿನ ತುದಿ ಮುಟ್ಟಿತು. ಅದು ಓಮಿಕ್ರಾನ್‌ಗಿಂತ ಮೊದಲಿನ ತಳಿ. ಆದರೂ ಚಿತ್ರ ಸ್ಪಷ್ಟ: ಶುರುವಿನಲ್ಲಿ ಗಂಟಲು ಮುಂದು, ಆಮೇಲೆ ಮೂಗು ಜೋರು.

2023ರ ಕೊನೆಗೆ ಡೆನ್ಮಾರ್ಕ್‌ನಿಂದ ಬಂದ ಅಧ್ಯಯನ ಇನ್ನೂ ದೊಡ್ಡದು. ಕೋಪನ್‌ಹೇಗನ್‌ನಲ್ಲಿ 2,674 ಜನರ ಮೇಲೆ ನಡೆಯಿತು. ಆರೋಗ್ಯ ಸಿಬ್ಬಂದಿ ತೆಗೆದಾಗ ಸೋಂಕಿತರಲ್ಲಿ ಗಂಟಲಿನ ಸ್ವಾಬ್ ಹಿಡಿದದ್ದು ಶೇ 69.4 ಜನರನ್ನು, ಮೂಗಿನದು ಶೇ 60. ಗಂಟಲು ಗೆದ್ದಿತು. ಆದರೆ ಲಕ್ಷಣ ಇದ್ದ ಜನ ತಾವೇ ತೆಗೆದಾಗ ಲೆಕ್ಕ ತಿರುಗಿತು. ಮೂಗಿನದು ಶೇ 71.5, ಗಂಟಲಿನದು ಶೇ 58. ಯಾಕಿರಬಹುದು? ಕನ್ನಡಿ ಎದುರು ಬಾಯಿ ತೆರೆದು ಟಾನ್ಸಿಲ್ ಮುಟ್ಟಲು ಹೋಗಿ ನೋಡಿ, ವಾಂತಿ ಬಂದಂತಾಗುತ್ತದೆ, ಕೈ ತಾನೇ ಹಿಂದಕ್ಕೆ ಬರುತ್ತದೆ. ಮೂಗನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಎರಡನ್ನೂ ಸೇರಿಸಿದಾಗ ಬರಿಯ ಮೂಗಿಗಿಂತ ಹಿಡಿತ ಸಿಬ್ಬಂದಿಯ ಕೈಯಲ್ಲಿ 21 ಪರ್ಸೆಂಟ್, ಜನರ ಕೈಯಲ್ಲಿ 15 ಪರ್ಸೆಂಟ್‌ನಷ್ಟು ಹೆಚ್ಚಿತು. ಇದು ಸಣ್ಣ ಲಾಭ ಅಲ್ಲ. ಕಿಟ್ ತಯಾರಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಂಡು, ಎರಡೂ ಜಾಗಕ್ಕೆ ಪರೀಕ್ಷಿಸಿದ ಕಿಟ್ ತರಬೇಕು ಎಂದು ನನ್ನ ಆಸೆ.

ಅಲ್ಲಿಯವರೆಗೆ ಮನೆಯಲ್ಲಿ ನಮ್ಮದೇ ಪ್ರಯೋಗ ಬೇಡ. ಕಿಟ್‌ನ ದ್ರವದ ಆಮ್ಲ, ಕ್ಷಾರದ ಹದ ಕೆಟ್ಟರೆ ವೈರಸ್ ಇಲ್ಲದೆಯೂ ಗೆರೆ ಬರಬಹುದು. ಕೋಲಾ, ಕಿತ್ತಳೆ ರಸ ನೇರ ಹಾಕಿದರೆ 'ಟಿ' ಗೆರೆ ಬರುವುದನ್ನು ಬ್ರಿಟನ್‌ನ ಶಾಲಾ ಮಕ್ಕಳು ತೋರಿಸಿಕೊಟ್ಟಿದ್ದರು. ಬಾಯಲ್ಲಿ ಈಗಷ್ಟೇ ಕುಡಿದ ಕಾಫಿ, ತಿಂದ ಉಪ್ಪಿನಕಾಯಿ ಇರುವಾಗ ಮೂಗಿನ ಕಿಟ್ ಅನ್ನು ಗಂಟಲಿಗೆ ಬಳಸುವುದು ಜಾಣತನ ಅಲ್ಲ.

ಯಾವ ದಿನ

ಮೇಲಿನ ಎಲ್ಲ ಅಂಕಿಗಳಲ್ಲಿ ಸ್ವಾಬ್ ವಿಧಾನದಿಂದ ಆದ ವ್ಯತ್ಯಾಸಕ್ಕಿಂತ ದಿನದಿಂದ ಆಗುವ ವ್ಯತ್ಯಾಸ ದೊಡ್ಡದು. ಲಂಡನ್ ಪ್ರಯೋಗದಲ್ಲಿ ಒಬ್ಬರ ಮೂಗಿನಲ್ಲಿ ಎರಡನೇ ದಿನ ಏನೂ ಇಲ್ಲ, ಐದನೇ ದಿನ ಕೋಟಿಗಟ್ಟಲೆ ವೈರಸ್. ಎರಡನೇ ದಿನ ಎಷ್ಟೇ ಆಳಕ್ಕೆ ಹಾಕಿದರೂ ಆಂಟಿಜೆನ್ ಟೆಸ್ಟ್‌ಗೆ ಅದು ಸಿಗುವುದು ಕಷ್ಟ. ಲಸಿಕೆ ಪಡೆದವರಿಗೆ, ಮೊದಲೇ ಸೋಂಕು ಬಂದುಹೋದವರಿಗೆ ದೇಹ ಬೇಗ ಎಚ್ಚೆತ್ತುಕೊಳ್ಳುತ್ತದೆ. ಹಾಗಾಗಿ ವೈರಸ್ ತುಂಬುವ ಮೊದಲೇ ಜ್ವರ, ಗಂಟಲು ನೋವು ಶುರುವಾಗಬಹುದು. ನಾವು ಆ ಮೊದಲ ದಿನವೇ ಟೆಸ್ಟ್ ಮಾಡಿ, ನೆಗೆಟಿವ್ ನೋಡಿ, ಮದುವೆ ಮನೆಗೆ ಹೊರಡುತ್ತೇವೆ.

2022ರ ಆಗಸ್ಟ್‌ನಲ್ಲಿ ಎಫ್‌ಡಿಎ ಇದಕ್ಕೆ ಸರಳ ಸೂತ್ರ ಕೊಟ್ಟಿತು. ಲಕ್ಷಣ ಇದ್ದು ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಲಕ್ಷಣ ಇಲ್ಲದೆ, ಸೋಂಕಿತರ ಜೊತೆ ಇದ್ದವರಾದರೆ 48 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಸಲ ಮಾಡಿ. ನೋವಿಲ್ಲದ ಸ್ವಾಬ್‌ನ ನಿಜವಾದ ಲಾಭ ಇಲ್ಲಿ ಕಾಣುತ್ತದೆ. ಆಳದ ಸ್ವಾಬ್ ಅನ್ನು ಎರಡು ದಿನಕ್ಕೊಮ್ಮೆ ಯಾರು ಮಾಡಿಸಿಕೊಳ್ಳುತ್ತಾರೆ? ಮಕ್ಕಳಂತೂ ಹತ್ತಿರವೂ ಬರುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ನನ್ನ ಅನುಭವದ ಮಾತು. ಮೊದಲು ಡಬ್ಬದ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ. ಕೈ ತೊಳೆಯಿರಿ. ಕಡ್ಡಿಯ ತುದಿ ಮುಟ್ಟಬೇಡಿ. ಮೂಗಿನ ಗೋಡೆಗೆ ಒತ್ತಿ ನಿಧಾನ ತಿರುಗಿಸಿ, ಒಂದೇ ಕಡ್ಡಿಯಿಂದ ಎರಡೂ ಹೊಳ್ಳೆ ಮಾಡಿ. ಒಂದೇ ಹೊಳ್ಳೆ ಮಾಡಿ ಬಿಡುವವರು ಬಹಳ. ದ್ರವದಲ್ಲಿ ಕಡ್ಡಿ ಅದ್ದಿದ ಮೇಲೆ ಟ್ಯೂಬ್ ಅನ್ನು ಹೊರಗಿನಿಂದ ಹಿಚುಕಿ, ಇಲ್ಲದಿದ್ದರೆ ಕಷ್ಟಪಟ್ಟು ತೆಗೆದದ್ದು ಹತ್ತಿಯಲ್ಲೇ ಉಳಿಯುತ್ತದೆ. ಹನಿಗಳನ್ನು ಎಣಿಸಿ ಹಾಕಿ. ಫೋನ್‌ನಲ್ಲಿ ಅಲಾರಂ ಇಡಿ. ಕಿಟ್ ಹೇಳಿದ ಸಮಯ ದಾಟಿ, ಗಂಟೆಗಟ್ಟಲೆ ಆದ ಮೇಲೆ ಕಾಣುವ ಗೆರೆಗೆ ಬೆಲೆಯಿಲ್ಲ. ಸಮಯದೊಳಗೆ ಬಂದ ಗೆರೆ ಎಷ್ಟೇ ತೆಳುವಾಗಿದ್ದರೂ ಪಾಸಿಟಿವ್. ವಯಸ್ಸಾದವರಿಗೆ ಉಸಿರಾಟ ಕಷ್ಟವಾದರೆ ಗೆರೆಗಾಗಿ ಕಾಯದೆ ವೈದ್ಯರ ಬಳಿ ಹೋಗಿ.

ಅಮ್ಮನ ನೆಗೆಟಿವ್ ಅನ್ನು ನಾವು ನಂಬಲಿಲ್ಲ. ಫೋನ್‌ನಲ್ಲಿ ಡಾಕ್ಟರ್ ಕೂಡ, ಜ್ವರ ಶುರುವಾಗಿ ಒಂದೇ ದಿನ ಆಗಿದೆ, ಎರಡು ದಿನ ಬಿಟ್ಟು ಮತ್ತೆ ಮಾಡಿ ಎಂದರು. ಅಪ್ಪನ ಹಾಸಿಗೆಯನ್ನು ಅವತ್ತೇ ಹಾಲ್‌ಗೆ ತಂದೆವು. ಅಮ್ಮನ ಕೋಣೆಯ ಕಿಟಕಿ ತೆರೆದಿಟ್ಟೆವು, ಊಟ ಬಾಗಿಲ ಬಳಿ ಇಟ್ಟೆವು. ಎರಡು ದಿನ ಬಿಟ್ಟು ಎರಡನೇ ಕಿಟ್ ತೆರೆದಾಗ ಕಡ್ಡಿಯನ್ನು ಅಮ್ಮನೇ ಇಸಿದುಕೊಂಡರು. ಎರಡೂ ಹೊಳ್ಳೆ, ಐದೈದು ಸುತ್ತು, ಬಾಯಲ್ಲಿ ಎಣಿಸುತ್ತಾ ಮಾಡಿದರು. ಹತ್ತನೇ ನಿಮಿಷಕ್ಕೆ 'ಟಿ' ಎದುರು ತೆಳುವಾಗಿ ಗೆರೆ ಮೂಡಿತು.